ಪಾತ್ರೆ ಇಳಿಸುವ ಹೊತ್ತು

ದಿನಾ ಸಂಜೆ ಐದಕ್ಕೆ ಕೋಲಾರದ ಹಳೇ ಚಿನ್ನದ ಗಣಿಯ ಲೈನುಗಳಲ್ಲಿ ಸೈರನ್ ಕೂಗುತ್ತಿತ್ತು. ಲೈನುಗಳೆಂದರೆ ಗಣಿಯ ಕಾಲದಲ್ಲಿ ಕೂಲಿಯವರಿಗೆಂದು ಸಾಲುಸಾಲಾಗಿ ಕಟ್ಟಿದ ಮನೆಗಳು. ಚಿನ್ನ ಮುಗಿದರೂ ಜನ ಮುಗಿದಿರಲಿಲ್ಲ. ಸೈರನ್ ಕೂಗಿದ್ದೇ ತಡ, ಜಗಲಿಯ ಮೇಲೆ ಹರಟುತ್ತಿದ್ದವರು, ನಲ್ಲಿಯ ಹತ್ತಿರ ಜಗಳವಾಡುತ್ತಿದ್ದವರು, ಚೌಕಾಬಾರ ಆಡುತ್ತಿದ್ದ ಹುಡುಗಿಯರು ಎಲ್ಲರೂ ಎದ್ದು ಮನೆಯೊಳಗೆ ಓಡುತ್ತಿದ್ದರು. ಗೂಡಿನ ಸ್ಟೀಲ್ ಡಬ್ಬಿಗಳು, ಅಟ್ಟದ ಮೇಲಿನ ಹಂಡೆ, ಒಲೆಯ ಮೇಲಿನ ಸಾರು, ದೇವರ ಮುಂದಿನ ದೀಪ, ಎಲ್ಲವೂ ನೆಲಕ್ಕೆ ಇಳಿಯುತ್ತಿದ್ದವು. ಅವುಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಒಂದಿಷ್ಟು ಹೊತ್ತು ಕಾದರೆ, ನೆಲ ಒಮ್ಮೆ ಗುಡುಗುಟ್ಟಿ ನಡುಗಿ ಸುಮ್ಮನಾಗುತ್ತಿತ್ತು. ಆಮೇಲೆ ಎಲ್ಲರೂ ಎದ್ದು, ಬಿಟ್ಟ ಜಗಳವನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದರು.

ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರಿಗೆ ಅಲ್ಲಿ ಮೊದಲ ಪಾಠವೇ ಇದು. ಲೋಟಕ್ಕೆ ಅರ್ಧಕ್ಕಿಂತ ಹೆಚ್ಚು ಟೀ ಹಾಕಬಾರದು, ಐದಕ್ಕೆ ಮುಂಚೆ ಎಣ್ಣೆ ಕಾಯಿಸಬಾರದು, ಸೈರನ್ ಕೇಳಿದ ಮೇಲೆ ಬೀದಿಯಲ್ಲಿ ನಿಂತವಳು ಮನೆ ಹಾಳು ಮಾಡುವವಳು. ಗಂಗರತ್ನಳ ಅತ್ತೆ ಅಕ್ಕಾಯಮ್ಮನಂತೂ ಈ ವಿಷಯದಲ್ಲಿ ಪೂರಾ ಮಿಲಿಟರಿ. ಮೊಮ್ಮಗಳು ನೀಲವೇಣಿ ಮೂರು ವರ್ಷದವಳಾಗಿದ್ದಾಗಿನಿಂದ ಅವಳಿಗೆ ಪಾತ್ರೆ ಇಳಿಸುವ ತರಬೇತಿ ಕೊಟ್ಟಿದ್ದಳು. ಈಗ ಹದಿನಾಲ್ಕರ ಆ ಹುಡುಗಿ ಎರಡೂ ಕೈಯಲ್ಲಿ ನಾಲ್ಕು ಡಬ್ಬಿ, ಕಂಕುಳಲ್ಲಿ ಕುಕ್ಕರು ಹಿಡಿದು ಒಂದು ತಟ್ಟೆಯ ಸದ್ದೂ ಆಗದಂತೆ ಇಳಿಸುತ್ತಿದ್ದಳು. ಇಡೀ ಲೈನಿಗೇ ಅವಳು ಮೊದಲು.

ನಡುಕ ತರುತ್ತಿದ್ದದ್ದು ಗಂಗರತ್ನ ಕೆಲಸ ಮಾಡುವ, ಹಳೇ ಗಣಿಯೊಳಗಿನ ಸಂಶೋಧನಾ ಕೇಂದ್ರವೇ. ಮನೆಯವರು ಅದನ್ನು ಹೇಳಿ ಹೇಳಿ ಅವಳನ್ನು ಕಾಡುತ್ತಿದ್ದರು.

"ನೀನು ಕೆಳಗೆ ನಡುಗ್ಸು, ನಾವು ಮ್ಯಾಲೆ ಇಳಿಸ್ತೀವಿ. ಚೆನ್ನಾಗೈತೆ ನಿನ್ ವಿಜ್ಞಾನ" ಎನ್ನುತ್ತಿದ್ದಳು ಅಕ್ಕಾಯಮ್ಮ.

ಭೂಕಂಪ ಬಂದು ಊರು ಕೆಡವುವ ಮುಂಚೆಯೇ ಅದನ್ನು ಚೂರು ಚೂರಾಗಿ ಬಿಡಿಸಿಬಿಟ್ಟರೆ ಹೇಗೆ ಎಂದು ಯಾರೋ ಕೇಳಿದ್ದರಿಂದ ಇದೆಲ್ಲ ಶುರುವಾಗಿತ್ತು. ನೆಲದಾಳದ ಬಿರುಕಿಗೆ ತೂತು ಕೊರೆದು, ನೀರು ತುಂಬಿ, ಹದವಾಗಿ ಅಲುಗಿಸಿದರೆ ನೂರು ವರ್ಷದ ಬಿಗಿತ ಸಾವಿರ ಸಣ್ಣ ನಡುಕಗಳಲ್ಲಿ ಸಡಿಲಾಗುತ್ತದೆ. ಇದಕ್ಕೆ ಏಷ್ಯಾ ಖಂಡದ ಏಳು ಊರುಗಳಲ್ಲಿ ಏಳು ಕೇಂದ್ರಗಳು ಎದ್ದವು. ಸೆಂದೈಯವರು ಕಡಲನ್ನು ಬಲ್ಲವರು. ಬಾಂಡುಂಗಿನವರಿಗೆ ಬೆಂಕಿ ಬೆಟ್ಟಗಳ ಹೊಟ್ಟೆಯ ಸಂಕಟ ಗೊತ್ತು. ಇರ್ಕುಟ್ಸ್ಕಿನವರು ಭೂಮಿಗೆ ತೂತು ಕೊರೆಯುವವರು, ಅದು ಬಿಟ್ಟು ಬೇರೆ ಮಾತೇ ಆಡದವರು. ತಬ್ರೀಜಿನವರು ಹಳೇ ಗೋಡೆಗಳ ಬಿರುಕು ನೋಡಿ ಸಾವಿರ ವರ್ಷದ ಹಿಂದಿನ ಭೂಕಂಪಕ್ಕೆ ಜಾತಕ ಬರೆಯುತ್ತಿದ್ದರು. ಕಠ್ಮಂಡುವಿನವರು ಮನೆ ಬೀಳಿಸುವುದರಲ್ಲಿ ಪಂಡಿತರು. ಎಂಥ ಮನೆ ಎಷ್ಟು ಅಲುಗಿದರೆ ಮಲಗುತ್ತದೆ ಎಂದು ತಿಳಿಯಲು ವರ್ಷವಿಡೀ ಮನೆ ಕಟ್ಟುವುದು, ಕೆಡವುವುದು. ಲೆಕ್ಕ ಅಲ್ಮಾಟಿಯವರದು. ಉಳಿದ ಆರು ಕಡೆಯ ಅಂಕಿಗಳೂ ಅಲ್ಲಿನ ಯಂತ್ರಕ್ಕೆ ಹೋಗಿ, ಮುಂದೆ ಅಲ್ಲಿಂದ ಆದೇಶವಾಗಿ ಹೊರಬರಬೇಕಿತ್ತು.

ಕೋಲಾರಕ್ಕೆ ಸಿಕ್ಕಿದ್ದು ಬಂಡೆ. ಬಂಡೆ ಹೇಗೆ ಬಿಗಿಯುತ್ತದೆ, ಹೇಗೆ ಸಿಡಿಯುತ್ತದೆ ಎಂಬುದನ್ನು ಕೋಲಾರದವರಿಗಿಂತ ಚೆನ್ನಾಗಿ ಇನ್ಯಾರು ಬಲ್ಲರು? ಈ ಊರಿನ ಅಜ್ಜಂದಿರಲ್ಲಿ ಅರ್ಧ ಜನ ಬಂಡೆ ಸಿಡಿದೇ ಸತ್ತವರು. ಗಣಿಯ ತಳದಲ್ಲಿ, ಎರಡು ಮೈಲಿಗೂ ಮಿಕ್ಕಿ ಆಳದಲ್ಲಿ, ತೋಡದೆ ಬಿಟ್ಟಿದ್ದ ಒಂದು ಕಂಬದಂಥ ಬಂಡೆಯನ್ನು ಆರಿಸಿ, ಅದರ ಸುತ್ತ ಆಳೆತ್ತರದ ಜಾಕಿಗಳನ್ನು ನಿಲ್ಲಿಸಿದ್ದರು. ಪಾಮೀರ್ ಬೆಟ್ಟಗಳ ಬುಡದ ದೊಡ್ಡ ಬಿರುಕಿನಲ್ಲಿ ಎಷ್ಟು ಬಿಗಿತವಿದೆಯೋ ಅಷ್ಟನ್ನೇ ಇಲ್ಲಿ ಜಾಕಿಗಳಿಂದ ಕೊಟ್ಟು, ಅಲ್ಲಿ ಮಾಡಬೇಕಾದ್ದನ್ನು ಮೊದಲು ಇಲ್ಲಿ ಮಾಡಿ ನೋಡುವುದು ಪದ್ಧತಿ. ಇದಕ್ಕೆ ಜೋಡಿ ಕಲ್ಲು ಎಂದು ಹೆಸರು. ಲೈನಿನ ಮನೆಗಳು ನಿಂತಿದ್ದದ್ದು ಆ ಕಂಬ ಹೊತ್ತ ಟೊಳ್ಳಿನ ಮೇಲೆಯೇ.

ಒಪ್ಪಂದದಲ್ಲಿ ಇನ್ನೊಂದು ಮಾತಿತ್ತು. ಒಂದು ಕೇಂದ್ರದ ಅಂಕಿಯನ್ನು ಇನ್ನೊಂದು ಕೇಂದ್ರ ಕೆದಕಬಾರದು. ಹಿಂದೆ ಒಬ್ಬರ ಸಂಶೋಧನೆಯನ್ನು ಇನ್ನೊಬ್ಬರು ಕದ್ದು, ಬೈದಾಡಿ, ಕೋರ್ಟು ಹತ್ತಿ ಸಾಕಾಗಿ ಮಾಡಿಕೊಂಡ ಏರ್ಪಾಡು ಅದು. ಬಂಡೆಯ ಅಂಕಿ ಕೋಲಾರದ್ದಾದರೆ ಅದೇ ಸತ್ಯ. ನಿಮ್ಮ ಅಂಕಿಯ ಅರ್ಥವೇನು ಎಂದು ಕೇಳುವುದು, ಬಡಿಸಿದ ಅನ್ನವನ್ನು ಮೂಸಿ ನೋಡಿದಷ್ಟೇ ಅವಮಾನ. ಹೀಗಾಗಿ ಏಳು ಕಡೆಯ ಬುದ್ಧಿವಂತರು ಹನ್ನೊಂದು ವರ್ಷ ಬಹಳ ಮರ್ಯಾದೆಯಿಂದ ನಡೆದುಕೊಂಡರು.

ಅಲ್ಲಿಯವರೆಗೂ ಜಾಕಿಗಳನ್ನು ಒತ್ತುತ್ತಿದ್ದದ್ದು, ಸಡಿಲಿಸುತ್ತಿದ್ದದ್ದು ಕೋಲಾರದವರೇ. ಹನ್ನೊಂದನೇ ವರ್ಷದ ಒಂದು ಮಧ್ಯಾಹ್ನ ಮೊದಲ ಬಾರಿಗೆ ಅಲ್ಮಾಟಿಯ ಯಂತ್ರ ನೇರವಾಗಿ ಜಾಕಿಗಳನ್ನು ಹಿಡಿದು ಅಂಕಿ ಇಳಿಸಬೇಕಿತ್ತು. ಸರಿಹೋದರೆ ಮರುದಿನವೇ ಅದೇ ಯಂತ್ರ ಪಾಮೀರಿನ ಬಿರುಕಿಗೆ ಕೈ ಹಾಕುವುದಿತ್ತು. ಆ ಬಿರುಕಿನ ಮೇಲೆ ಲಕ್ಷಾಂತರ ಜನರ ಊರುಗಳಿದ್ದವು.

ಗಂಗರತ್ನ ಕೇಳುವ ಕೋಣೆಯ ಮುಖ್ಯಸ್ಥೆ. ಕಂಬದ ಮೈಗೆ ಅಂಟಿಸಿದ ನೂರಾರು ಕಿವಿಗಳಿಂದ ಬಂಡೆಯ ಚಟಚಟ ಸದ್ದು ಅವಳ ಕೋಣೆಗೆ ಬರುತ್ತಿತ್ತು. ಗಂಡ ಚಲಪತಿ ಆ ದಿನ ಕೆಳಗಿನ ಪಾಳಿಯಲ್ಲಿ, ಜಾಕಿಗಳ ಹತ್ತಿರ, ಹನ್ನೊಂದು ಜನರ ಜೊತೆಗಿದ್ದ. ಕೇಂದ್ರದ ನಿರ್ದೇಶಕರು ಡಾಕ್ಟರ್ ಪದ್ಮರಾಜು. ಇಸ್ತ್ರಿ ಮಾಡಿದ ಅಂಗಿಯ ಸಜ್ಜನರು, ನಿಯಮ ತಪ್ಪಿದರೆ ರಾತ್ರಿ ನಿದ್ದೆ ಬಾರದವರು.

ಮೂರೂವರೆಗೆ ಅಲ್ಮಾಟಿ ಜಾಕಿಗಳನ್ನು ಹಿಡಿಯಿತು. ಗಂಗರತ್ನಳ ಪರದೆಯ ಮೇಲೆ ಬಂಡೆಯ ಬಿಗಿತದ ಅಂಕಿ ನಲವತ್ತರಲ್ಲಿತ್ತು. ಸ್ವಲ್ಪ ಹೊತ್ತಿಗೆ ಐವತ್ತಾಯಿತು. ಅರವತ್ತಾಯಿತು.

"ಸರ್, ಇಳಿಸ್ಬೇಕಾಗಿತ್ತು. ಏರಿಸ್ತಾ ಇದಾರೆ" ಎಂದಳು.

"ಅವರಿಗೆ ಗೊತ್ತಿರುತ್ತೆ ಬಿಡಿ ಮೇಡಂ. ಲೆಕ್ಕ ಅವರದ್ದು" ಎಂದರು ಪದ್ಮರಾಜು.

ಎಪ್ಪತ್ತಾದಾಗ ಬಂಡೆ ಸೊಲ್ಲೆತ್ತಿತು. ಒಲೆಗೆ ಹಸಿ ಸೌದೆ ಹಾಕಿದಾಗಿನ ಚಟಪಟ. ಗಂಗರತ್ನ ಅಲ್ಮಾಟಿಗೆ ಕರೆ ಹಚ್ಚಿದಳು. ಪರದೆಯ ಮೇಲೆ ಅಲ್ಲಿನ ಯಂತ್ರ ನೋಡಿಕೊಳ್ಳುವ ಝನಾರ್ ಎಂಬ ಹೆಂಗಸು ಕಂಡಳು. ಇಬ್ಬರ ನಡುವೆ ಅನುವಾದ ಮಾಡುವ ಯಂತ್ರ ಶಾಸನದ ಕನ್ನಡದಲ್ಲಿ ಮಾತಾಡುತ್ತಿತ್ತು.

"ನಮಸ್ಕಾರ ಗೌರವಾನ್ವಿತ ಭಗಿನಿ. ತಮ್ಮ ಶಿಲೆಯು ಅತಿಯಾಗಿ ಸಡಿಲಗೊಂಡಿರುತ್ತದೆ. ಆದಕಾರಣ ನಾವು ಬಿಗಿಗೊಳಿಸುತ್ತಿದ್ದೇವೆ" ಎಂದಿತು.

"ಸಡಿಲ? ಏನ್ ಹೇಳ್ತಿದೀಯಮ್ಮ! ಬಂಡೆ ಬಿಗಿದು ಕೂತಿದೆ. ಎಪ್ಪತ್ತೈದು ಇದೆ!"

"ಹೌದು. ಎಪ್ಪತ್ತೈದು. ಅಧಿಕ ಸಡಿಲ."

ಗಂಗರತ್ನಳಿಗೆ ಆಗ ಹೊಳೆಯಿತು. ಗಣಿಯವರ ಲೆಕ್ಕದಲ್ಲಿ ಬಿಗಿತವೇ ಎಲ್ಲ. ಬಂಡೆ ಬಿಗಿದಷ್ಟೂ ಅಂಕಿ ಏರುತ್ತದೆ, ಸಡಿಲಾದರೆ ಇಳಿಯುತ್ತದೆ. ಅಜ್ಜನ ಕಾಲದಿಂದ ಹಾಗೇ. ಅಲ್ಮಾಟಿಯವರು ಸೇತುವೆ, ಕಬ್ಬಿಣದ ಲೆಕ್ಕದಲ್ಲಿ ಬೆಳೆದವರು. ಅವರಿಗೆ ಎಳೆದು ಸಡಿಲಿಸಿದಷ್ಟೂ ಅಂಕಿ ಏರಬೇಕು. ಹನ್ನೊಂದು ವರ್ಷ ಒಬ್ಬರ ಅಂಕಿ ಇನ್ನೊಬ್ಬರಿಗೆ ಹೋಗಿತ್ತು, ಒಬ್ಬರೂ ಕೇಳಿರಲಿಲ್ಲ. ಈಗ ಯಂತ್ರ ಬಂಡೆಯನ್ನು ಬಿಗಿಯುತ್ತದೆ, ಅಂಕಿ ಏರುತ್ತದೆ, ಏರಿದ್ದಕ್ಕೆ ಇನ್ನೂ ಸಡಿಲಾಯಿತು ಎಂದುಕೊಂಡು ಇನ್ನಷ್ಟು ಬಿಗಿಯುತ್ತದೆ.

ಅವಳು ಅದನ್ನು ಪರದೆಯತ್ತ ಕಿರುಚಿ ಹೇಳಿದಳು. ಝನಾರ್ ತನ್ನ ಯಂತ್ರದ ಕಡೆ ತಿರುಗಿದಳು. ಅವಳು ಏನೋ ಹೇಳುವುದರೊಳಗೆ ಗಂಗರತ್ನ ಗೋಡೆಯ ಕೆಂಪು ಹಿಡಿಯನ್ನು ಜಗ್ಗಿ ಅಲ್ಮಾಟಿಯ ತಂತಿಯನ್ನು ಕತ್ತರಿಸಿದಳು. ಜಾಕಿಗಳು ಇದ್ದಲ್ಲೇ ನಿಂತವು. ಅಂಕಿ ನೂರಾ ಮೂರಕ್ಕೆ ನಿಂತಿತು. ಅಷ್ಟು ಬಿಗಿದ ಬಂಡೆಯನ್ನು ಇನ್ನು ಒತ್ತುವಂತಿಲ್ಲ. ಥಟ್ಟನೆ ಸಡಿಲಿಸಿದರೂ ಆ ಕ್ಷಣವೇ ಸಿಡಿಯುತ್ತದೆ.

ಮತ್ತೆ ಕಿವಿಗೊಟ್ಟಳು. ಚಟಪಟ ನಿಂತುಹೋಗಿತ್ತು.

ಬಂಡೆ ಗೊಣಗುವವರೆಗೆ ಭಯವಿಲ್ಲ. ಸುಮ್ಮನಾದರೆ ಸಿಡಿಯುತ್ತದೆ, ಅರ್ಧ ಗಂಟೆಯೊಳಗೆ. ಕೋಲಾರದ ಕೇಂದ್ರ ಇಡೀ ಖಂಡಕ್ಕೆ ಕಲಿಸಿದ ವಿದ್ಯೆಯೇ ಇದು. ಈ ಕಂಬ ಹೋದರೆ ಅದು ಹೊತ್ತಿದ್ದ ಟೊಳ್ಳು ಕುಸಿಯುತ್ತದೆ, ಟೊಳ್ಳಿನ ಮೇಲಿನ ಲೈನುಗಳು ಮಲಗುತ್ತವೆ.

ಮೊದಲು ಕೆಳಗಿನ ಫೋನು. "ರೀ, ಎಲ್ರನ್ನೂ ಕರ್ಕೊಂಡು ಸೈನೈಡ್ ದಿಬ್ಬದ ಕಡೆ ಶಾಫ್ಟಿಗೆ ಓಡ್ರಿ. ಈ ಕಡೆ ಲಿಫ್ಟ್ ಹತ್ತಬೇಡ್ರಿ."

"ಏನೇ ರತ್ನ, ಏನಾಯ್ತೆ?"

"ಕಲ್ಲು ಮಾತು ನಿಲ್ಸಿದೆ."

ಗಣಿಯವನಿಗೆ ಅಷ್ಟು ಸಾಕು. ಚಲಪತಿ ಫೋನು ಎಸೆದು ಓಡಿದ ಸದ್ದು ಕೇಳಿಸಿತು. ಸೈನೈಡ್ ದಿಬ್ಬವೆಂದರೆ ಚಿನ್ನ ಸೋಸಿ ಬಿಟ್ಟ ಮಣ್ಣಿನ ಗುಡ್ಡ, ಅದರ ಪಕ್ಕ ಗಣಿಗಿಳಿಯುವ ಇನ್ನೊಂದು ಬಾವಿಯಿತ್ತು.

ಎರಡನೆಯದು ಮನೆಗೆ. ನೀಲವೇಣಿ ಎತ್ತಿಕೊಂಡಳು.

"ಅಜ್ಜೀನ ಕರ್ಕೊಂಡು ಈಗ್ಲೇ ಶಾಫ್ಟಿನ ಬಯಲಿಗೆ ಬಾ. ದೊಡ್ಡದು ಬರ್ತಾ ಇದೆ."

"ಸರಿಯಮ್ಮ. ಸೈರನ್ ಆಗ್ಲಿ, ಪಾತ್ರೆ ಇಳಿಸ್ಬಿಟ್ಟು ಬರ್ತೀವಿ."

"ಪಾತ್ರೆ ಬೇಡ ಕಣೇ! ಹಾಗೇ ಬಾ!"

ಹಿಂದಿನಿಂದ ಅಕ್ಕಾಯಮ್ಮನ ದನಿ ಬಂತು. "ಏನಂತೆ ಅವ್ಳದು? ದೊಡ್ಡದು ಅಂತಾಳಾ? ದೊಡ್ಡದು ಅಂದ್ರೆ ಹಂಡೇನೂ ಇಳಿಸ್ಬೇಕು. ಬಾ, ಒಂದ್ ಕೈ ಹಿಡಿ." ಫೋನು ಕಟ್ಟಾಯಿತು.

ಗಂಗರತ್ನ ಫೋನು ಇಟ್ಟಳು. ಹನ್ನೊಂದು ವರ್ಷ ಈ ಊರಿಗೆ ನಡುಕ ಬರುತ್ತದೆಂದರೆ ಒಳಗೆ ಓಡುವುದನ್ನು ಕಲಿಸಿದ್ದು ತಾವೇ. ಸೈರನ್ ಊದಿದರೆ ಎಂಟುನೂರು ಮನೆಗಳ ಜನ ಎಲ್ಲಿದ್ದರೂ ಬಂದು, ಚಾವಣಿಯ ಕೆಳಗೆ, ಪಾತ್ರೆಗಳ ನಡುವೆ ಕೂರುತ್ತಾರೆ. ಅವಳ ಮಗಳು ಎಲ್ಲರಿಗಿಂತ ಮೊದಲು ಕೂರುತ್ತಾಳೆ.

ತಿರುಗಿದರೆ ಪದ್ಮರಾಜು ಸೈರನ್ನಿನ ಗುಂಡಿಯ ಕಡೆ ನಡೆಯುತ್ತಿದ್ದರು.

"ಸರ್, ಊದಬೇಡಿ!"

"ಹುಚ್ಚೇನ್ರೀ ನಿಮಗೆ? ಎಚ್ಚರಿಕೆ ಕೊಡದೆ ಜನಾನ ಸಾಯಿಸ್ಬೇಕಾ?"

"ಊದಿದ್ರೇ ಸಾಯ್ತಾರೆ! ಎಲ್ರೂ ಒಳಗೆ ಓಡ್ತಾರೆ ಸರ್, ಪಾತ್ರೆಗೆ!"

"ಹೊರಗೆ ಬನ್ನಿ ಅಂತ ಮೈಕಿನಲ್ಲಿ ಹೇಳೋಣ. ಮೊದ್ಲು ಸೈರನ್. ನಿಯಮ ಅದೇ."

ಅವರ ಬೆರಳು ಗುಂಡಿಯ ಹತ್ತಿರ ಹೋಯಿತು. ಗಂಗರತ್ನ ಮೇಜಿನ ಮೇಲಿದ್ದ ದೊಡ್ಡ ಸ್ಪ್ಯಾನರ್ ಎತ್ತಿ ಆ ಕೈಯ ಮೇಲೆ ಬಾರಿಸಿದಳು. ಮುಂಗೈ ಮೂಳೆ ಲಟಕ್ಕೆಂದಿತು. ಅವರು ಅರಚುತ್ತಾ ಇನ್ನೊಂದು ಕೈ ಚಾಚಿದರು. ಅವಳು ಅವರ ಅಂಗಿ ಹಿಡಿದು ಗೋಡೆಗೆ ಅಪ್ಪಳಿಸಿದಳು. ಅವರು ಅವಳ ಕೂದಲಿಗೆ ಕೈ ಹಾಕಿದರು. ಸಹೋದ್ಯೋಗಿಗಳಾಗಿ ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡ ಇಬ್ಬರು, ನೆಲದ ಮೇಲೆ ನಾಯಿಗಳ ಹಾಗೆ ಹೊರಳಾಡಿದರು. ಕೊನೆಗೆ ಸ್ಪ್ಯಾನರ್ ಅವರ ಮೊಣಕಾಲಿಗೆ ಬಿತ್ತು. ಅವರನ್ನು ಒಳಗೇ ಬಿಟ್ಟು ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಅವಳು ಓಡಿದಳು. ಅವಳಿಗೆ ಅವರ ಮೇಲೆ ಕರುಣೆಯೂ ಬಂತು, ಕೊಂದುಬಿಡಬೇಕೆನ್ನುವಷ್ಟು ಸಿಟ್ಟೂ ಬಂತು.

ಈ ಊರಿನ ಜನ ಒಂದೇ ಒಂದಕ್ಕೆ ಮನೆ ಬಿಟ್ಟು ಹೊರಗೆ ಓಡಿ ಬರುತ್ತಿದ್ದರು. ಶಾಫ್ಟಿನ ಬಾಯಲ್ಲಿ ಹೊಗೆ ಕಂಡರೆ. ಕೆಳಗೆ ಬೆಂಕಿ ಬಿದ್ದಿದೆ, ತಮ್ಮವರು ಒಳಗಿದ್ದಾರೆ ಎಂದರ್ಥ. ಆಗ ಒಲೆ ಉರಿಯುತ್ತಿದ್ದರೂ, ಮಗು ಮೊಲೆ ಕಚ್ಚಿದ್ದರೂ ಹೆಂಗಸರು ಹಾಗೇ ಓಡಿ ಬಂದು ಶಾಫ್ಟಿನ ಬೇಲಿ ಹಿಡಿದು ನಿಲ್ಲುತ್ತಿದ್ದರು. ಅಜ್ಜಿಯರ ಕಾಲದ ಭಯ ಅದು, ರಕ್ತಕ್ಕಿಳಿದಿತ್ತು. ಶಾಫ್ಟಿನ ಸುತ್ತಲಿನ ಬಯಲೇ ಗಟ್ಟಿ ಜಾಗ ಕೂಡ. ಶಾಫ್ಟ್ ಕುಸಿಯಬಾರದೆಂದು ಅದರ ಸುತ್ತಲ ಬಂಡೆಯನ್ನು ಯಾವ ಕಾಲದಲ್ಲೂ ಯಾರೂ ತೋಡಿರಲಿಲ್ಲ.

ಶೆಡ್ಡಿನಲ್ಲಿ ಜಾಕಿಯ ಹಳೇ ಎಣ್ಣೆಯ ಪೀಪಾಯಿಗಳಿದ್ದವು, ಸವೆದ ರಬ್ಬರ್ ಪಟ್ಟಿಗಳ ಗುಡ್ಡೆಯಿತ್ತು. ಗಂಗರತ್ನ ಪೀಪಾಯಿಗಳನ್ನು ಶಾಫ್ಟಿನ ಬಾಯಿಗೆ ಉರುಳಿಸಿ, ಪಟ್ಟಿಗಳನ್ನೂ ಎಳೆದು ತಂದು ಹಾಕಿದಳು. ಕಾವಲಿನವನು ತಡೆಯಲು ಬಂದಾಗ ಸ್ಪ್ಯಾನರ್ ಬೀಸಿದಳು. ಅವನು ಹಣೆ ಒಡೆದುಕೊಂಡು ಕೂತ. ಎಣ್ಣೆ ಚೆಲ್ಲಿ ಕಡ್ಡಿ ಗೀರಿದಳು. ರಬ್ಬರ್ ಹೊತ್ತಿಕೊಂಡು ಕರ್ರಗಿನ ಹೊಗೆ ಶಾಫ್ಟಿನ ಕಬ್ಬಿಣದ ಗೋಪುರವನ್ನು ಮುಚ್ಚಿ ಮೇಲೆದ್ದಿತು. ಅವಳ ಒಂದು ಕೈಯ ಚರ್ಮ ಮೊಣಕೈವರೆಗೆ ಸುಟ್ಟು ಸುಲಿದು ಬಂತು. ಆ ಹೊತ್ತಿನಲ್ಲಿ ಅದು ಅವಳಿಗೆ ಗೊತ್ತೇ ಆಗಲಿಲ್ಲ.

ಲೈನುಗಳಿಂದ ಕೂಗೆದ್ದಿತು. ಬಾಗಿಲುಗಳು ದಡದಡ ತೆರೆದುಕೊಂಡವು. ಹೆಂಗಸರು, ಮುದುಕರು, ಶಾಲೆಯ ಬಟ್ಟೆಯ ಮಕ್ಕಳು, ಹಿಟ್ಟಿನ ಕೈ, ಸೋಪಿನ ಕೈ, ಎಲ್ಲರೂ ಬಯಲಿಗೆ ನುಗ್ಗಿ ಬಂದರು. ಗಂಗರತ್ನ ಅವರನ್ನು ನೋಡಿ ನಿಜಕ್ಕೂ ನಕ್ಕಳು. ಆಮೇಲೆ ನಡೆದ ವಿಚಾರಣೆಯಲ್ಲಿ ಜನ, ಆ ನಗುವನ್ನು ಕಂಡೆವು ಎಂದೇ ಸಾಕ್ಷಿ ಹೇಳಿದರು.

ಪಕ್ಕದ ಮನೆಯ ಸರೋಜಾ ಬೇಲಿಯ ಹತ್ತಿರ ಬಂದು ಅರಚಿದಳು. "ನಮ್ಮೆಜಮಾನ್ರು ಕೆಳಗವ್ರೆ! ಯಾರಾದ್ರೂ ಹೇಳ್ರೋ, ಏನಾಯ್ತು?"

ಅಷ್ಟರಲ್ಲಿ ಅಕ್ಕಾಯಮ್ಮನೂ ಬಂದಳು. ಇಳಿಸುತ್ತಿದ್ದ ಹಿತ್ತಾಳೆ ಚೊಂಬು ಕೈಯಲ್ಲೇ ಉಳಿದಿತ್ತು. ಅವಳ ಹಿಂದೆ ಹಳದಿ ದುಪ್ಪಟ್ಟಾ ಹೊದ್ದ ನೀಲವೇಣಿ. ಗಂಗರತ್ನ ಕೈ ಜೋಡಿಸಿ, "ಎಲ್ರೂ ಇಲ್ಲೇ ಇರ್ರಿ, ಯಾರೂ ಮನೆಗೆ ಹೋಗಬೇಡ್ರಿ, ಬಂಡೆ ಸಿಡೀತದೆ" ಎಂದು ಕೂಗತೊಡಗಿದಳು. ಬೆಂಕಿಯ ಸದ್ದಿನಲ್ಲಿ ಅರ್ಧ ಜನಕ್ಕೆ ಕೇಳಿಸಲಿಲ್ಲ.

ಆಗ ಸೈರನ್ ಕೂಗಿತು.

ಪದ್ಮರಾಜು ಮುರಿದ ಕೈ, ಒಡೆದ ಕಾಲು ಎಳೆದುಕೊಂಡು ಗುಂಡಿಯವರೆಗೆ ತೆವಳಿದ್ದರು. ಜನರನ್ನು ಉಳಿಸುತ್ತಿದ್ದೇನೆಂದು ಆ ಮನುಷ್ಯ ಮನಸಾರೆ ನಂಬಿದ್ದರು.

ಬಯಲಿನ ಜನ ಒಂದು ಕ್ಷಣ ಶಾಫ್ಟಿನ ಕಡೆ, ಒಂದು ಕ್ಷಣ ಮನೆಯ ಕಡೆ ನೋಡಿದರು. ಹನ್ನೊಂದು ವರ್ಷದ ಅಭ್ಯಾಸ ಕಾಲಿನಲ್ಲಿ ಕೂತಿತ್ತು. ಅಂಚಿನಲ್ಲಿದ್ದವರು ತಿರುಗಿದರು. ಕೆಲವರು ಓಡಿಯೇಬಿಟ್ಟರು. ಒಲೆಯ ಮೇಲೆ ಸಾರು ಇಟ್ಟಿದ್ದೆ ಎಂದು ಯಾರೋ ಕೂಗಿದರು. ಹಳದಿ ದುಪ್ಪಟ್ಟಾ ಕೂಡ ಮನೆಯ ಕಡೆ ತಿರುಗಿತು. ಜಡೆ ಕುಣಿಸುತ್ತಾ ನೀಲವೇಣಿ ಓಡತೊಡಗಿದಳು, ಲೈನಿಗೇ ಮೊದಲು.

ಗಂಗರತ್ನ ಮಗಳ ಹೆಸರು ಹಿಡಿದು ಕೂಗಿದಳು. ಸೈರನ್ ಆ ಕೂಗನ್ನು ನುಂಗಿತು. ಹಿಂದೆ ಓಡಿದರೆ ಒಬ್ಬಳು ಸಿಗಬಹುದು, ಉಳಿದವರು? ಅವಳಿಗೆ ಯೋಚಿಸಲು ಹೊತ್ತಿರಲಿಲ್ಲ. ಅಲ್ಲೇ ಕೂತಿದ್ದ ಕಾವಲಿನವನ ಸೊಂಟದ ಕೈಮೈಕು ಕಿತ್ತುಕೊಂಡು, ಬೇಲಿಯ ಕಂಬ ಹತ್ತಿ ನಿಂತು, ಇದ್ದಬದ್ದ ಉಸಿರನ್ನೆಲ್ಲ ಹಾಕಿ ಕಿರುಚಿದಳು.

"ನಾನೇ ಕಣ್ರೋ ಬೆಂಕಿ ಹಚ್ಚಿದ್ದು! ಕೆಳಗಿದ್ದೋರೆಲ್ಲ ಹೊಗೇಲಿ ಬೆಂದ್ಹೋದ್ರು! ನನ್ ಗಂಡನೂ ಸೇರಿ, ಎಲ್ರೂನೂ ನಾನೇ ಸಾಯ್ಸಿದ್ದು!"

ಓಡುತ್ತಿದ್ದ ಕಾಲುಗಳು ನಿಂತವು.

"ನಿಂತ್ಕೊಂಡು ಏನ್ ನೋಡ್ತೀರಿ? ಹೋಗ್ರಿ! ಹೋಗಿ ಪಾತ್ರೆ ಇಳಿಸ್ಕೊಳ್ರಿ! ಗಂಡ ಸತ್ರೇನು, ಮಗ ಸತ್ರೇನು, ನಿಮಗೆ ಡಬ್ಬಿ ಒಡೀಬಾರ್ದು ಅಷ್ಟೇ ತಾನೆ? ಥೂ ನಿಮ್ಮ ಜನ್ಮಕ್ಕೆ!"

ಮೊದಲ ಕಲ್ಲು ಅವಳ ಭುಜಕ್ಕೆ ಬಿತ್ತು. ಎರಡನೆಯದು ಬಾಯಿಗೆ. ಕಂಬದಿಂದ ಉರುಳಿದವಳನ್ನು ಹತ್ತಾರು ಕೈಗಳು ಹಿಡಿದುಕೊಂಡವು. ಸರೋಜಾ ಅವಳ ಕೂದಲು ಸುತ್ತಿಕೊಂಡು ಮುಖವನ್ನು ನೆಲಕ್ಕೆ ಜಜ್ಜಿದಳು. ಯಾರದೋ ಬೂಟು ಪಕ್ಕೆಗೆ ಬಿದ್ದು ಎಲುಬು ಮುರಿಯಿತು. ಮಕ್ಕಳ ಮುಂದೆಯೇ, ದಿನಾ ಸಕ್ಕರೆ ಕಡ ಕೇಳಲು ಬರುತ್ತಿದ್ದ ಹೆಂಗಸರು ಅವಳನ್ನು ತುಳಿದರು. ಅವಳು ಬಾಯಿಯ ರಕ್ತ ಉಗಿದು ಮತ್ತೆ ಬೈದಳು. ಒಬ್ಬರು ಸುಸ್ತಾಗಿ ಹಿಂದೆ ಸರಿದರೆ ಅವರ ಸತ್ತ ಅಪ್ಪನನ್ನು ಹೆಸರು ಹಿಡಿದು ಬೈದಳು. ಲೈನಿನಲ್ಲಿ ಹುಟ್ಟಿ ಬೆಳೆದವಳು. ಯಾರಿಗೆ ಯಾವ ಮಾತು ಚುಚ್ಚುತ್ತದೆಂದು ಚೆನ್ನಾಗಿ ಬಲ್ಲಳು. ಸೈರನ್ ಕೂಗುತ್ತಲೇ ಇತ್ತು. ಬಯಲಿನಲ್ಲಿ ಅದನ್ನು ಕೇಳುವವರು ಈಗ ಇರಲಿಲ್ಲ.

ಗುಂಪನ್ನು ಸೀಳಿಕೊಂಡು ಅಕ್ಕಾಯಮ್ಮ ಬಂದಳು. ಸೊಸೆಯ ಮುಖ ನೋಡಿದಳು. "ನನ್ ಮಗನ್ನ ತಿಂದ್ಯೇನೇ ಮುಂಡೇ!" ಎಂದು ಎರಡೂ ಕೈಯಲ್ಲಿ ಚೊಂಬನ್ನು ಎತ್ತಿ ತಲೆಯ ಮೇಲೆ ಹೊಡೆದಳು. ಇನ್ನೊಮ್ಮೆ ಹೊಡೆದಳು. ಗಂಗರತ್ನಳ ಎಡಗಣ್ಣು ಆ ಎರಡನೇ ಏಟಿಗೇ ಹೋಯಿತು. ಅದು ಮತ್ತೆ ಬರಲಿಲ್ಲ.

ಉಳಿದ ಒಂದು ಕಣ್ಣಿನಿಂದ ಅವಳು ಹಳದಿ ಬಣ್ಣ ಹುಡುಕಿದಳು. ಮಗಳು ವಾಪಸ್ಸು ಬಂದಿದ್ದಳು. ನೀಲವೇಣಿ ಅಮ್ಮನ ಎದೆಯ ಮೇಲೆ ಬಿದ್ದು, ಕಾಲರು ಹಿಡಿದು ಅಲ್ಲಾಡಿಸುತ್ತಿದ್ದಳು. "ಅಪ್ಪ ಎಲ್ಲಿ? ಹೇಳು! ಅಪ್ಪನ್ನ ಏನ್ ಮಾಡ್ದೆ?"

ಗಂಗರತ್ನ ಸುಟ್ಟ ಕೈಯಲ್ಲಿ ಮಗಳ ಮಣಿಕಟ್ಟು ಹಿಡಿದಳು. ಇನ್ನು ಸತ್ತರೂ ಬಿಡುವುದಿಲ್ಲ ಎಂದುಕೊಂಡಳು. ಅವಳಿಗೆ ಬಹಳ ಸಮಾಧಾನವಾಯಿತು.

ಬಂಡೆ ಸಿಡಿಯಿತು.

ಮೊದಲು ಸದ್ದು ಬರಲಿಲ್ಲ. ನೆಲ ಒಂದು ಮೊಳ ಮೇಲೆದ್ದು ಬಿತ್ತು. ನಿಂತವರೆಲ್ಲ ಒಂದೇ ಸಲ ಉರುಳಿದರು. ಆಮೇಲೆ ನೆಲದ ಹೊಟ್ಟೆಯೊಳಗಿಂದ ಬಂದ ಗುಡುಗು. ಬಯಲಿನ ಆಚೆ ಲೈನುಗಳ ಚಾವಣಿಗಳು ಒಂದು ಅಲೆಯಂತೆ ಏಳುತ್ತಾ ಬಂದು, ಹಾಗೇ ಒಳಗೆ ಕುಸಿದವು. ಹೆಂಚು, ತಗಡು, ಗೋಡೆ, ಮೊದಲ ಸಾಲು, ಎರಡನೇ ಸಾಲು, ಒಂದರ ಹಿಂದೊಂದು. ನೆಲವೇ ಬಾಯಿ ಬಿಟ್ಟು ಮೂರು ಬೀದಿಗಳನ್ನು ನುಂಗಿತು. ಸೈರನ್ ನಡುವೆಯೇ ನಿಂತುಹೋಯಿತು. ಕೆಂಪು ಧೂಳು ಎದ್ದು ಬಂದು ಎಲ್ಲರನ್ನೂ ಮುಚ್ಚಿತು. ಅದರೊಳಗಿಂದ ಸಾವಿರಾರು ಪಾತ್ರೆಗಳು ಉರುಳುವ, ಜಜ್ಜುವ, ಸೀಳುವ ಸದ್ದು ಬಹಳ ಹೊತ್ತು ಕೇಳುತ್ತಲೇ ಇತ್ತು.

ಧೂಳು ಇಳಿದಾಗ ಊರು ಇರಲಿಲ್ಲ. ಬಯಲಿನ ತುಂಬ ಜನ ಇದ್ದರು.

ಸೈರನ್ ಕೇಳಿ ಹೋಗಿದ್ದವರು ಬರಲಿಲ್ಲ. ಅವರನ್ನು ಅಗೆದು ತೆಗೆಯಲು ನಾಲ್ಕು ದಿನ ಹಿಡಿಯಿತು. ಬಹಳ ಜನ ಪಾತ್ರೆಗಳ ನಡುವೆ ಕುಕ್ಕರುಗಾಲಲ್ಲೇ ಸಿಕ್ಕರು. ಶಾಫ್ಟಿನ ಪಕ್ಕದ ಕೋಣೆಯಲ್ಲಿದ್ದ ಪದ್ಮರಾಜು ಬದುಕುಳಿದರು, ಮುರಿದ ಕೈಗೆ ಕಟ್ಟು ಹಾಕಿಸಿಕೊಳ್ಳದೆ ಒಂದೊಂದು ಹೆಣದ ಮುಂದೆಯೂ ಕೂತು ಅತ್ತರು. ಅವರನ್ನು ಬಯ್ಯಲು ಯಾರಿಗೂ ಬಾಯಿ ಬರಲಿಲ್ಲ. ಅಲ್ಮಾಟಿಯಿಂದ ಪಾಮೀರಿಗೆ ಮರುದಿನ ಹೋಗಬೇಕಿದ್ದ ಆದೇಶ ಹೋಗಲಿಲ್ಲ. ಝನಾರ್ ತನ್ನವರ ಒಪ್ಪಿಗೆ ಕೇಳದೆ ಯಂತ್ರದ ತಂತಿ ಕಿತ್ತು, ಉಳಿದ ಐದೂ ಕೇಂದ್ರಗಳಿಗೆ ಫೋನು ಮಾಡಿ, "ನಿಮ್ಮ ಅಂಕಿ ಏರಿದರೆ ಏನರ್ಥ?" ಎಂದು ಕೇಳಿದಳಂತೆ. ಹನ್ನೊಂದು ವರ್ಷದಲ್ಲಿ ಯಾರಾದರೂ ಕೇಳಿದ್ದು ಅದೇ ಮೊದಲು.

ಆದರೆ ಅದೆಲ್ಲ ಆಮೇಲಿನ ಮಾತು. ಆ ಸಂಜೆ ಬಯಲಿನಲ್ಲಿ ಹೆಂಗಸರು ತಮ್ಮ ಮಕ್ಕಳನ್ನು ತಡವಿ ನೋಡಿಕೊಂಡು, ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು. ಸರೋಜಾಳ ಬೆರಳುಗಳಲ್ಲಿ ಇನ್ನೂ ಕೂದಲು ಸುತ್ತಿಕೊಂಡಿತ್ತು. ಅವಳು ಅದನ್ನು ಬಿಡಿಸಿಕೊಳ್ಳಲು ನೋಡಿದಳು, ಆಗಲಿಲ್ಲ, ಅಳತೊಡಗಿದಳು.

ಸೈನೈಡ್ ದಿಬ್ಬದ ಕಡೆಯಿಂದ ಹನ್ನೆರಡು ಜನ ಗಂಡಸರು ಬೂದುಬೂದಾಗಿ ನಡೆದು ಬಂದರು. ಯಾರ ತಲೆಯಲ್ಲೂ ಹೆಲ್ಮೆಟ್ಟಿರಲಿಲ್ಲ. ಎಲ್ಲರಿಗಿಂತ ಮುಂದೆ ಚಲಪತಿ. ನೀಲವೇಣಿ ಅವನನ್ನು ನೋಡಿದಳು, ತನ್ನ ಮಣಿಕಟ್ಟನ್ನು ನೋಡಿದಳು. ಎದ್ದು ಓಡಲು ಆಗಲಿಲ್ಲ. ಅಮ್ಮನ ಬೆರಳುಗಳು ಇನ್ನೂ ಬಿಟ್ಟಿರಲಿಲ್ಲ.

"ಅತ್ತೆ" ಎಂದಳು ಗಂಗರತ್ನ. ಹಲ್ಲು ಮುರಿದ ಬಾಯಿಂದ ಮಾತು ತೊದಲಿತು. "ನೀರು."

ಅಕ್ಕಾಯಮ್ಮ ಮಗನ ಕಡೆ ಹೋಗಲಿಲ್ಲ. ಎದ್ದು, ಬೆಂಕಿ ಆರಿಸಲು ತೆರೆದಿದ್ದ ನಲ್ಲಿಯ ಹತ್ತಿರ ಹೋದಳು. ಇಡೀ ಲೈನಿನಲ್ಲಿ ಉಳಿದಿದ್ದ ಪಾತ್ರೆ ಅವಳ ಕೈಯಲ್ಲಿದ್ದ ಚೊಂಬೊಂದೇ. ಅದರ ಕಂಠ ಒಂದು ಕಡೆ ತಗ್ಗಾಗಿತ್ತು, ತಗ್ಗಿನಲ್ಲಿ ಸೊಸೆಯ ರಕ್ತವಿತ್ತು. ತೊಳೆದಳು. ಮತ್ತೆ ತೊಳೆದಳು. ನೀರು ತುಂಬಿಸಿ ತಂದು, ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಬಾಯಿ ತಗಿ ತಾಯಿ" ಎಂದಳು. "ಒಂದ್ ಗುಟುಕು ಕುಡಿ. ನನ್ನ ಕೈಗೆ ಹುಳ ಬೀಳ."

ನೆಲ ಇನ್ನೊಮ್ಮೆ ಗುಡುಗುಟ್ಟಿತು. ಬಯಲಿನ ಜನ ಬೆಚ್ಚಿ ಒಬ್ಬರನ್ನೊಬ್ಬರು ಹಿಡಿದುಕೊಂಡರು. ಅಕ್ಕಾಯಮ್ಮನ ಕೈ ಅಭ್ಯಾಸಬಲದಿಂದ ಚೊಂಬನ್ನು ನೆಲಕ್ಕಿಳಿಸಲು ಹೋಯಿತು. ಅರ್ಧಕ್ಕೆ ನಿಂತಿತು. ಅವಳು ಅದನ್ನು ಮತ್ತೆ ಮೇಲೆತ್ತಿ, ನಡುಗುವ ನೆಲದ ಮೇಲೆ ಕೂತೇ, ಸೊಸೆಯ ತುಟಿಗೆ ಹಿಡಿದಳು. ನೀರು ತುಳುಕಿ ಇಬ್ಬರ ಮೇಲೂ ಚೆಲ್ಲಿತು. ಉಳಿದದ್ದನ್ನು ಗಂಗರತ್ನ ಕುಡಿದಳು.